ನೋಟ್ಸ್ ಆ್ಯಪ್‌ನಿಂದ ಚಿತ್ರ ಬಿಡಿಸಿಕೊಳ್ಳುವುದು

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಡಿಟಿಪಿ ಮಾಡುವವರು ಲೇಖಕರನ್ನು ಕೇಳುವ ಪ್ರಶ್ನೆ ಒಂದಿದೆ: ‘ಒರಿಜಿನಲ್ ಇದೆಯಾ ಸರ್?’ ಊರೂರು ತಿರುಗಿ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊ ತೆಗೆದವರು ಆಗ ತಬ್ಬಿಬ್ಬಾಗುತ್ತಾರೆ. ಚಿತ್ರ ಇದೆ, ಫೋನಿನಲ್ಲಿ ಕಣ್ಣೆದುರಿಗೇ ಕಾಣುತ್ತಿದೆ. ಆದರೆ ಅದು ಗ್ಯಾಲರಿಯಲ್ಲಿಲ್ಲ, ನೋಟ್ಸ್ ಆ್ಯಪ್‌ನೊಳಗೆ, ಕಲ್ಲಿನ ಅಳತೆ ಮತ್ತು ಊರಿನ ಹೆಸರು ಬರೆದುಕೊಂಡ ಟಿಪ್ಪಣಿಯ ನಡುವೆ ಇದೆ. ಹಳೆಯ ಫೋನ್ ಹೋಗಿ ಎಷ್ಟೋ ಕಾಲವಾಗಿದೆ. ಅದರ ಗ್ಯಾಲರಿಯೂ ಅದರ ಜೊತೆಗೇ ಹೋಯಿತು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಸ್ಕ್ರೀನ್‌ಶಾಟ್ ಹೊಡೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಕೆಲಸ. ಅಲ್ಲಿಗೆ ಚಿತ್ರದ ಕಥೆ ಮುಗಿದಂತೆ.

ಲೆಕ್ಕ ಹಾಕಿದರೆ ಇದು ಅರ್ಥವಾಗುತ್ತದೆ. ಸಾಧಾರಣ ಫೋನ್ ಕ್ಯಾಮೆರಾ ತೆಗೆಯುವ 12 ಮೆಗಾಪಿಕ್ಸೆಲ್ ಚಿತ್ರದ ಅಳತೆ 4000 × 3000 ಪಿಕ್ಸೆಲ್, ಅಂದರೆ ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳು. ಅದೇ ಚಿತ್ರ 1080 ಪಿಕ್ಸೆಲ್ ಅಗಲದ ಪರದೆಯಲ್ಲಿ ಅಡ್ಡಲಾಗಿ ಕೂತಾಗ 1080 × 810ಕ್ಕೆ ಇಳಿಯುತ್ತದೆ. ಸ್ಕ್ರೀನ್‌ಶಾಟ್‌ಗೆ ಸಿಗುವುದು 9 ಲಕ್ಷಕ್ಕೂ ಕಡಿಮೆ ಚುಕ್ಕೆ. ಅಚ್ಚಿನಲ್ಲಿ ಚಿತ್ರ ಸ್ಪಷ್ಟವಾಗಿ ಬರಬೇಕಾದರೆ ಇಂಚಿಗೆ 300 ಚುಕ್ಕೆ ಬೇಕು ಎಂಬುದು ಮುದ್ರಣದವರ ರೂಢಿಯ ಅಳತೆ. ಮೂಲ ಚಿತ್ರವನ್ನು ಈ ಲೆಕ್ಕದಲ್ಲಿ 13 ಇಂಚು ಅಗಲಕ್ಕೆ ಹಿಗ್ಗಿಸಬಹುದು. ಸ್ಕ್ರೀನ್‌ಶಾಟ್ 3.6 ಇಂಚಿಗೇ ದಣಿಯುತ್ತದೆ, ಡೆಮಿ 1/8 ಪುಸ್ತಕದ ಒಂದು ಪುಟದ ಅಗಲವನ್ನೂ ತುಂಬುವುದಿಲ್ಲ. ಕಲ್ಲಿನ ಮೇಲಿನ ಸವೆದ ಅಕ್ಷರ ಓದಲು ಸಿಗುವುದೋ ಇಲ್ಲವೋ ಎಂಬುದು ಇಷ್ಟರ ಮೇಲೆ ನಿಂತಿದೆ.

ಹಿಂದೆ ಫೋಟೊ ಸ್ಟುಡಿಯೊದವರು ಪ್ರಿಂಟ್ ಕೊಟ್ಟು ನೆಗೆಟಿವ್ ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರು. ನೋಟ್ಸ್ ಆ್ಯಪ್‌ಗಳ ವರ್ತನೆಯೂ ಹೀಗೆಯೇ. ಪರದೆಯ ಮೇಲೆ ಕಾಣುವುದು ಪ್ರಿಂಟ್ ಮಾತ್ರ. ನೆಗೆಟಿವ್ ಒಳಗೆಲ್ಲೋ ಇರುತ್ತದೆ, ಕೇಳುವ ಕ್ರಮದಲ್ಲಿ ಕೇಳಿದರೆ ಸಿಗುತ್ತದೆ.

ಕೇಳುವ ಕ್ರಮ ಆ್ಯಪ್‌ನಿಂದ ಆ್ಯಪ್‌ಗೆ ಬೇರೆ. ಎಲ್ಲರೂ ಮೊದಲು ಕೈಹಾಕುವ ‘ಕಾಪಿ’ಯಂತೂ ಅಷ್ಟೇನೂ ನಂಬಿಕೆಗೆ ಅರ್ಹವಲ್ಲ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಚಿತ್ರದ ಮೇಲೆ ಬಲಗಡೆ ಗುಂಡಿ ಒತ್ತಿ ಕಾಪಿ ಮಾಡಿದಾಗ ಕ್ಲಿಪ್‌ಬೋರ್ಡ್‌ಗೆ ಹೋಗುವುದು ಫೈಲ್ ಅಲ್ಲ, ಬಿಡಿಸಿಟ್ಟ ಚುಕ್ಕೆಗಳ ರಾಶಿ. ಅದನ್ನು ಬೇರೆಡೆ ಅಂಟಿಸಿದಾಗ ಹೆಚ್ಚಾಗಿ ಹೊಸದೊಂದು ಪಿಎನ್‌ಜಿ ಫೈಲ್ ಹುಟ್ಟುತ್ತದೆ. ಗಾತ್ರ ಮೂಲಕ್ಕಿಂತ ಹಲವು ಪಟ್ಟು ದೊಡ್ಡದಾಗಬಹುದು, ಗುಣಮಟ್ಟ ಎಳ್ಳಷ್ಟೂ ಹೆಚ್ಚುವುದಿಲ್ಲ. ಫೋಟೊ ತೆಗೆದ ದಿನಾಂಕ, ಜಾಗ, ಕ್ಯಾಮೆರಾ ವಿವರ ಎಲ್ಲ ಅಲ್ಲೇ ಉದುರಿಹೋಗುತ್ತವೆ. ‘ಸೇವ್ ಇಮೇಜ್ ಆ್ಯಸ್’ ಎಂದರೆ ಕನಿಷ್ಠ ಒಂದು ಫೈಲ್ ಆದರೂ ಕೈಗೆ ಬರುತ್ತದೆ. ಆದರೆ ಟಿಪ್ಪಣಿಗಳ ಸಾಲಿನಲ್ಲಿ ಕಾಣುವ ಪುಟಾಣಿ ಚಿತ್ರದ ಮೇಲೆ ಅದನ್ನು ಪ್ರಯೋಗಿಸಿದರೆ ಸಿಗುವುದೂ ಪುಟಾಣಿ ಚಿತ್ರವೇ. ಮೊದಲು ಚಿತ್ರವನ್ನು ಪೂರ್ತಿಯಾಗಿ ತೆರೆದು ಆಮೇಲೆ ಉಳಿಸಬೇಕು. ಹಾಗೆ ಉಳಿಸಿದ್ದು ಕೆಲವೊಮ್ಮೆ ಗೂಗಲ್ 2010ರಲ್ಲಿ ತಂದ ವೆಬ್‌ಪಿ ಮಾದರಿಯಲ್ಲಿರುತ್ತದೆ. ಹಳೆಯ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಡಿಟಿಪಿ ಅಂಗಡಿಯಲ್ಲಿ ಅದು ತೆರೆಯುವುದೇ ಇಲ್ಲ.

ಈ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸುವುದು ಎವರ್‌ನೋಟ್. 2008ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ, ಆನೆಯ ಲಾಂಛನದ ಈ ಸೇವೆಯನ್ನು 2023ರ ಆರಂಭದಲ್ಲಿ ಇಟಲಿಯ ಮಿಲಾನ್ ನಗರದ ಬೆಂಡಿಂಗ್ ಸ್ಪೂನ್ಸ್ ಕಂಪನಿ ಕೊಂಡುಕೊಂಡಿತು. ಅದೇ ವರ್ಷದ ಡಿಸೆಂಬರ್‌ನಿಂದ ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂಬ ಮಿತಿ ಬಿತ್ತು. ಹಳೆಯ ಟಿಪ್ಪಣಿಗಳನ್ನು ನೋಡಲು, ತಿದ್ದಲು, ಹೊರಗೆ ಒಯ್ಯಲು ಅಡ್ಡಿಯಿರಲಿಲ್ಲ. ಹೊಸದು ಸೇರಿಸಲು ಮಾತ್ರ ಹಣ ಕೊಡಬೇಕಾಯಿತು. ವರ್ಷಗಟ್ಟಲೆ ರಸೀದಿ, ವಿಸಿಟಿಂಗ್ ಕಾರ್ಡ್, ಬೋರ್ಡಿನ ಫೋಟೊ ತುಂಬಿಸಿಟ್ಟವರು ಗಂಟುಮೂಟೆ ಕಟ್ಟಲು ಹೊರಟಾಗಲೇ ಅನೇಕರಿಗೆ ‘ಎನೆಕ್ಸ್’ ಎಂಬ ಫೈಲಿನ ಪರಿಚಯವಾದದ್ದು.

ಎನೆಕ್ಸ್ ಎಂಬುದು ಎವರ್‌ನೋಟ್‌ನ ರಫ್ತು ಮಾದರಿ. ಇದು ಬರೀ ಅಕ್ಷರಗಳ ಫೈಲ್, ನೋಟ್‌ಪ್ಯಾಡ್‌ನಲ್ಲೇ ತೆರೆದು ನೋಡಬಹುದು. ಹಾಗಾದರೆ ಚಿತ್ರ ಎಲ್ಲಿ? ಅದೂ ಅಕ್ಷರವಾಗಿಯೇ ಕೂತಿರುತ್ತದೆ. ‘ಬೇಸ್64’ ಎಂಬ ಪದ್ಧತಿಯಲ್ಲಿ ಚಿತ್ರದ ಪ್ರತಿ ಮೂರು ಬೈಟ್‌ಗಳನ್ನು ನಾಲ್ಕು ಅಕ್ಷರಗಳಾಗಿ ಬರೆದಿಡುತ್ತಾರೆ. 3 ಎಂಬಿ ಫೋಟೊ 4 ಎಂಬಿಯಷ್ಟು ಅರ್ಥವಿಲ್ಲದ ಅಕ್ಷರಮಾಲೆಯಾಗುವುದು ಹೀಗೆ. ನೋಡಿದವರು ಫೈಲ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಒಂದು ಚುಕ್ಕೆಯೂ ಕಳೆದಿಲ್ಲ. ಟಿಪ್ಪಣಿಯ ಪಠ್ಯದಲ್ಲಿ ಚಿತ್ರ ಬರಬೇಕಾದ ಕಡೆ 32 ಅಕ್ಷರಗಳ ಒಂದು ಗುರುತು ಇರುತ್ತದೆ. ಅದು ಚಿತ್ರದ ಬೈಟ್‌ಗಳಿಂದಲೇ ಲೆಕ್ಕ ಹಾಕಿ ಪಡೆದ ‘ಎಂಡಿ5’ ಮೊತ್ತ. ಚಿತ್ರದ ಒಂದೇ ಒಂದು ಬಿಟ್ ಬದಲಾದರೂ ಈ ಮೊತ್ತ ಪೂರ್ತಿ ಬೇರೆಯಾಗುತ್ತದೆ. ಹಾಗಾಗಿ ಹೊರತೆಗೆದ ಚಿತ್ರದ ಎಂಡಿ5 ಲೆಕ್ಕ ಹಾಕಿ ಟಿಪ್ಪಣಿಯೊಳಗಿನ ಗುರುತಿನೊಂದಿಗೆ ತಾಳೆ ನೋಡಿದರೆ, ಕೈಗೆ ಸಿಕ್ಕಿದ್ದು ಎವರ್‌ನೋಟ್ ಇಟ್ಟುಕೊಂಡಿದ್ದ ಅದೇ ಫೈಲ್ ಹೌದೋ ಅಲ್ಲವೋ ಎಂಬುದು ಖಚಿತವಾಗುತ್ತದೆ. ಇಷ್ಟು ಪ್ರಾಮಾಣಿಕವಾದ ರಫ್ತು ವ್ಯವಸ್ಥೆ ನೋಟ್ಸ್ ಆ್ಯಪ್‌ಗಳಲ್ಲಿ ಅಪರೂಪ. ಅದರ ಇತರ ನಡವಳಿಕೆಗಳ ಬಗ್ಗೆ ಏನೇ ದೂರಿದ್ದರೂ ಈ ಮಟ್ಟಿಗೆ ಎವರ್‌ನೋಟ್‌ಗೆ ಶಹಬ್ಬಾಸ್ ಹೇಳಬೇಕು.

ಎಲ್ಲರೂ ಎನೆಕ್ಸ್ ಬಿಡಿಸಿಕೊಂಡು ಕೂರಬೇಕಿಲ್ಲ. ಕಂಪ್ಯೂಟರಿನ ಎವರ್‌ನೋಟ್‌ನಲ್ಲಿ ರಫ್ತು ಮಾಡುವಾಗ ಎಚ್‌ಟಿಎಂಎಲ್ ಆರಿಸಿದರೆ ಪುಟದ ಜೊತೆಗೆ ಒಂದು ಫೋಲ್ಡರ್ ಬರುತ್ತದೆ, ಚಿತ್ರಗಳು ಅದರಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಅಬ್ಸಿಡಿಯನ್ ಎಂಬ ನೋಟ್ಸ್ ಆ್ಯಪ್‌ಗೆ ಹೋಗುವವರಿಗೆ ಅದರ ‘ಇಂಪೋರ್ಟರ್’ ಪ್ಲಗಿನ್ ಎನೆಕ್ಸನ್ನು ತಾನೇ ಒಡೆದು ಚಿತ್ರಗಳನ್ನು ಹೊರಗಿಡುತ್ತದೆ.

ಮೈಕ್ರೋಸಾಫ್ಟ್‌ನ ಒನ್‌ನೋಟ್ ಬಂದದ್ದು 2003ರಲ್ಲಿ, ಆಫೀಸ್ ಸಮೂಹದ ಭಾಗವಾಗಿ. ಶಾಲಾ ಕಾಲೇಜುಗಳ ಅಧ್ಯಾಪಕರು ಪಾಠದ ಟಿಪ್ಪಣಿಗೆ ಇದನ್ನು ಬಳಸುವುದುಂಟು. ಕಂಪ್ಯೂಟರಿನಲ್ಲಿ ಒಂದು ಚಿತ್ರ ಬೇಕಾದರೆ ಬಲಗಡೆ ಗುಂಡಿ, ‘ಸೇವ್ ಆ್ಯಸ್’, ಅಷ್ಟೇ. ಆದರೆ ಒಂದು ಪುಟದಲ್ಲಿ 40 ಚಿತ್ರಗಳಿದ್ದರೆ? ನಲವತ್ತು ಸಲ ಅದನ್ನೇ ಮಾಡುತ್ತ ಕೂರುವ ತಾಳ್ಮೆ ಯಾರಿಗೂ ಇರುವುದಿಲ್ಲ. ಇದಕ್ಕೊಂದು ಹಳೆಯ ಉಪಾಯವಿದೆ, ಗೊತ್ತಿರುವವರು ಕಡಿಮೆ. ವಿಂಡೋಸ್‌ನ ಒನ್‌ನೋಟ್‌ನಲ್ಲಿ ಆ ಪುಟವನ್ನು ವರ್ಡ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಬೇಕು. ಬಳಿಕ ಆ ಫೈಲಿನ ಹೆಸರಿನ ಕೊನೆಯಲ್ಲಿರುವ ‘ಡಾಕ್‌ಎಕ್ಸ್’ ಬಾಲ ತೆಗೆದು ‘ಜಿಪ್’ ಎಂದು ಬರೆಯಬೇಕು. ಕಂಪ್ಯೂಟರ್ ಒಂದು ಎಚ್ಚರಿಕೆ ಕೊಡುತ್ತದೆ, ಪರವಾಗಿಲ್ಲ ಎನ್ನಬೇಕು. ಜಿಪ್ ಬಿಚ್ಚಿದರೆ ‘ವರ್ಡ್’ ಎಂಬ ಫೋಲ್ಡರ್, ಅದರೊಳಗೆ ‘ಮೀಡಿಯಾ’ ಎಂಬ ಫೋಲ್ಡರ್, ಅದರಲ್ಲಿ ಅಷ್ಟೂ ಚಿತ್ರಗಳು ಸಾಲಾಗಿ ಕೂತಿರುತ್ತವೆ.

ಇದರಲ್ಲಿ ಮಾಟಮಂತ್ರ ಏನೂ ಇಲ್ಲ. 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಒಪ್ಪಿಗೆ ಪಡೆದ ಈ ವರ್ಡ್ ಫೈಲ್ ಮೂಲತಃ ಜಿಪ್ ಮಾಡಿದ ಒಂದು ಫೋಲ್ಡರ್. ಪಠ್ಯ ಒಂದು ಕಡೆ, ಚಿತ್ರ ಇನ್ನೊಂದು ಕಡೆ. ಪವರ್‌ಪಾಯಿಂಟ್‌ಗೂ ಎಕ್ಸೆಲ್‌ಗೂ ಇದೇ ಮಾತು. ಯಾರೋ ಕಳಿಸಿದ ಸ್ಲೈಡಿನಿಂದ ಚಿತ್ರ ತೆಗೆಯಲು ಒದ್ದಾಡುವವರಿಗೂ ಇದು ಒದಗುತ್ತದೆ.

ಗೂಗಲ್ ಕೀಪ್ ನಮ್ಮಲ್ಲಿ ಅನೇಕರ ಆ್ಯಂಡ್ರಾಯ್ಡ್ ಫೋನಿನಲ್ಲಿರುವ ಆ್ಯಪ್. ಪಹಣಿ, ವೈದ್ಯರ ಚೀಟಿ, ಕರೆಂಟ್ ಬಿಲ್, ಅಮ್ಮನ ಕೈಬರಹದ ಹುಳಿಪುಡಿ ಅಳತೆ, ಏನು ಬೇಕಾದರೂ ಅದರಲ್ಲಿರಬಹುದು. ಒಂದೆರಡು ಚಿತ್ರಕ್ಕೆ ತೆರೆದು, ಶೇರ್ ಮಾಡಿ, ಉಳಿಸಿಕೊಂಡರಾಯಿತು. ಎಲ್ಲವೂ ಒಟ್ಟಿಗೆ ಬೇಕೆಂದರೆ ‘ಗೂಗಲ್ ಟೇಕ್‌ಔಟ್’ ಕಡೆ ಹೋಗಬೇಕು. ಗೂಗಲ್‌ನ ಶಿಕಾಗೊ ಕಚೇರಿಯ ಎಂಜಿನಿಯರುಗಳ ಗುಂಪೊಂದು ‘ಡೇಟಾ ಲಿಬರೇಷನ್ ಫ್ರಂಟ್’ ಎಂದು ತಮಾಷೆಯ ಹೆಸರಿಟ್ಟುಕೊಂಡು 2011ರಲ್ಲಿ ಹೊರತಂದ ಸೌಲಭ್ಯ ಅದು. ಅಲ್ಲಿ ಕೀಪ್ ಒಂದಕ್ಕೇ ಗುರುತು ಹಾಕಿ ಕೋರಿಕೆ ಸಲ್ಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ಜಿಪ್ ಫೈಲಿನ ಕೊಂಡಿ ಇಮೇಲ್‌ಗೆ ಬರುತ್ತದೆ. ಸುಮಾರು ಒಂದು ವಾರದಲ್ಲಿ ಕೊಂಡಿಯ ಅವಧಿ ಮುಗಿಯುತ್ತದೆ, ನಾಳೆ ನೋಡೋಣ ಎಂದು ಬಿಡುವ ಹಾಗಿಲ್ಲ.

ಜಿಪ್ ಬಿಚ್ಚಿದಾಗ ಸಿಗುವ ದೃಶ್ಯ ಸ್ವಲ್ಪ ದಿಗಿಲು ಹುಟ್ಟಿಸುವಂಥದ್ದು. ಪ್ರತಿ ಟಿಪ್ಪಣಿಗೆ ಎರಡು ಫೈಲು: ಬ್ರೌಸರ್‌ನಲ್ಲಿ ತೆರೆಯುವ ಎಚ್‌ಟಿಎಂಎಲ್ ಒಂದು, ಯಂತ್ರ ಓದುವ ‘ಜೇಸನ್’ ಇನ್ನೊಂದು. ಅವುಗಳ ನಡುವೆ ತಲೆಬುಡವಿಲ್ಲದ ಉದ್ದುದ್ದ ಹೆಸರಿನ ಚಿತ್ರಗಳು. ಯಾವ ಚಿತ್ರ ಯಾವ ಟಿಪ್ಪಣಿಯದು ಎಂಬುದನ್ನು ಹೇಳುವುದು ಜೇಸನ್ ಫೈಲಿನ ‘ಅಟ್ಯಾಚ್‌ಮೆಂಟ್ಸ್’ ಭಾಗ. ಇಲ್ಲೂ ಒಂದು ಕೊಕ್ಕೆ ಇದೆ. ಜೇಸನ್‌ನಲ್ಲಿ ಚಿತ್ರದ ಬಾಲ ‘ಜೆಪಿಇಜಿ’ ಎಂದಿದ್ದು ಫೋಲ್ಡರಿನಲ್ಲಿರುವ ಫೈಲಿಗೆ ‘ಜೆಪಿಜಿ’ ಎಂದಿರುವುದುಂಟು. ಒಂದೇ ಅಕ್ಷರದ ವ್ಯತ್ಯಾಸ, ಆದರೆ ಪ್ರೋಗ್ರಾಂ ಬರೆದು ಜೋಡಿಸಲು ಹೊರಟವರಿಗೆ ‘ಫೈಲ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಪ್ರೋಗ್ರಾಂ ಗೊಡವೆ ಬೇಡದವರು ಎಚ್‌ಟಿಎಂಎಲ್ ತೆರೆದು ಅಲ್ಲಿ ಕಾಣುವ ಚಿತ್ರವನ್ನು ಉಳಿಸಿಕೊಳ್ಳುವುದು ಸುಲಭ.

ಐಫೋನ್ ಬಳಸುವವರ ಫಜೀತಿ ಬೇರೆ. ಆ್ಯಪಲ್ ನೋಟ್ಸ್‌ನಲ್ಲಿ ಚಿತ್ರ ತೆರೆದು ಶೇರ್ ಒತ್ತಿ ‘ಸೇವ್ ಇಮೇಜ್’ ಎಂದರೆ ಗ್ಯಾಲರಿಗೆ ಬಂದುಬಿಡುತ್ತದೆ. ಮ್ಯಾಕ್‌ನಲ್ಲಾದರೆ ಚಿತ್ರವನ್ನು ಹಿಡಿದು ಡೆಸ್ಕ್‌ಟಾಪ್‌ಗೆ ಎಳೆದರೂ ಆಯಿತು. ತೊಡಕು ಆಮೇಲೆ ಶುರು. 2017ರ ಐಒಎಸ್ 11ರಿಂದ ಐಫೋನ್ ಕ್ಯಾಮೆರಾ ‘ಹೀಕ್’ ಮಾದರಿಯಲ್ಲಿ ಚಿತ್ರ ಉಳಿಸುತ್ತದೆ. ಜಾಗ ಕಡಿಮೆ ಸಾಕು ಎಂಬುದು ಅದರ ಹೆಚ್ಚುಗಾರಿಕೆ. ಸೈಬರ್ ಸೆಂಟರಿನ ಕಂಪ್ಯೂಟರ್ ಮುಂದೆ ಕೂತ ಹುಡುಗ ಮಾತ್ರ ‘ಇದು ಓಪನ್ ಆಗ್ತಿಲ್ಲ, ಜೆಪಿಜಿ ಕೊಡಿ’ ಎನ್ನುತ್ತಾನೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅಲ್ಲಿ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಚಿತ್ರಗಳು ಜೆಪಿಜಿಯಾಗಿ ಬರುತ್ತವೆ. ಹಿಂದಿನವನ್ನು ಪರಿವರ್ತಿಸಿಯೇ ಕೊಡಬೇಕು. ನೋಟ್ಸ್‌ನಲ್ಲೇ ಸ್ಕ್ಯಾನ್ ಮಾಡಿದ ಕಾಗದಪತ್ರವಂತೂ ಚಿತ್ರವೇ ಅಲ್ಲ, ಪಿಡಿಎಫ್.

ನೋಷನ್ ಎಂಬ ಆ್ಯಪ್ ಇನ್ನೊಂದು ಬಗೆಯಲ್ಲಿ ಕೈಕೊಡುತ್ತದೆ. ಅದರ ಪುಟದಿಂದ ಚಿತ್ರದ ವಿಳಾಸ ನಕಲಿಸಿ ಬೇರೆ ಜಾಲತಾಣದಲ್ಲಿ ಅಂಟಿಸಿದವರಿಗೆ ಮೊದಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಚಿತ್ರವಿದ್ದ ಜಾಗದಲ್ಲಿ ಖಾಲಿ ಚೌಕ. ಕಾರಣ, ನೋಷನ್ ಚಿತ್ರಗಳಿಗೆ ಕೊಡುವ ವಿಳಾಸ ತಾತ್ಕಾಲಿಕ. ಪ್ರೋಗ್ರಾಮರುಗಳಿಗೆಂದು ಅದು ಒದಗಿಸುವ ಕೊಂಡಿಗಳ ಆಯಸ್ಸು ಒಂದು ಗಂಟೆ. ಚಿತ್ರ ಬೇಕಾದರೆ ಫೈಲನ್ನೇ ಇಳಿಸಿಕೊಳ್ಳಬೇಕು, ಅಥವಾ ಇಡೀ ಪುಟವನ್ನು ಮಾರ್ಕ್‌ಡೌನ್ ಇಲ್ಲವೇ ಎಚ್‌ಟಿಎಂಎಲ್ ರೂಪದಲ್ಲಿ ರಫ್ತು ಮಾಡಬೇಕು. ಚಿತ್ರಗಳು ಜಿಪ್‌ನೊಳಗೆ ಬರುತ್ತವೆ. ಇವೆಲ್ಲಕ್ಕೆ ಹೋಲಿಸಿದರೆ ಅಬ್ಸಿಡಿಯನ್ ಬಳಸುವವರು ಆರಾಮ. ಅಲ್ಲಿ ಟಿಪ್ಪಣಿಯೂ ಚಿತ್ರವೂ ಕಂಪ್ಯೂಟರಿನ ಸಾಮಾನ್ಯ ಫೋಲ್ಡರಿನಲ್ಲೇ ಇರುವುದರಿಂದ ಬಿಡಿಸಿಕೊಳ್ಳುವ ಪ್ರಶ್ನೆಯೇ ಏಳುವುದಿಲ್ಲ.

ಸ್ಟೈಲಸ್ ಹಿಡಿದು ಬರೆಯುವವರು ಗಮನಿಸಬೇಕಾದ ಸಂಗತಿ ಒಂದಿದೆ. ಪರದೆಯ ಮೇಲೆ ಬಿಡಿಸಿದ ರೇಖಾಚಿತ್ರ ಆ್ಯಪ್‌ನ ಒಳಗೆ ಚಿತ್ರವಾಗಿರುವುದಿಲ್ಲ, ಗೆರೆಗಳ ಲೆಕ್ಕವಾಗಿರುತ್ತದೆ. ಹೊರಗೆ ಕಳಿಸುವಾಗಲಷ್ಟೇ ಅದು ಪಿಎನ್‌ಜಿಯೋ ಪಿಡಿಎಫೋ ಆಗುತ್ತದೆ. ಸ್ಯಾಮ್‌ಸಂಗ್ ನೋಟ್ಸ್‌ನಂಥ ಆ್ಯಪ್‌ಗಳು ಎರಡನ್ನೂ ಕೊಡುತ್ತವೆ. ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿಯನ್ನು ಜೆಪಿಜಿಗೆ ಬದಲಿಸಿದಾಗ ಕೆಲವೊಮ್ಮೆ ಹಿನ್ನೆಲೆಯೆಲ್ಲ ಕಪ್ಪಾಗಿ ಕರಿ ಶಾಯಿಯ ಗೆರೆ ಅದರಲ್ಲಿ ಮುಳುಗಿಹೋಗುತ್ತದೆ. ಜೆಪಿಜಿಗೆ ಪಾರದರ್ಶಕತೆ ಎಂಬುದೇ ಗೊತ್ತಿಲ್ಲ.

ಏನೂ ದಾರಿ ಕಾಣದಿದ್ದಾಗ ಉಳಿಯುವುದು ಪಿಡಿಎಫ್. ಹೆಚ್ಚುಕಡಿಮೆ ಎಲ್ಲ ಆ್ಯಪ್‌ಗಳೂ ಪಿಡಿಎಫ್ ಕೊಡುತ್ತವೆ. ಪಿಡಿಎಫ್‌ನಿಂದ ಚಿತ್ರ ಬೇಕೆಂದಾಗ ಜನ ಮತ್ತೆ ಸ್ಕ್ರೀನ್‌ಶಾಟ್‌ಗೆ ಮರಳುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ಪಿಡಿಎಫ್‌ನ ಒಳಗೆ ಜೆಪಿಜಿ ಚಿತ್ರಗಳನ್ನು ಹಾಗೆಯೇ ಇಟ್ಟಿರುವುದುಂಟು. ಲಿನಕ್ಸ್ ಬಳಸುವವರಿಗೆ ಪರಿಚಯವಿರುವ ‘ಪಿಡಿಎಫ್‌ಇಮೇಜಸ್’ ಎಂಬ ಉಚಿತ ಉಪಕರಣ ಅವನ್ನು ಒಂದೊಂದಾಗಿ ಎತ್ತಿಕೊಡುತ್ತದೆ. ಪಿಡಿಎಫ್ ಮಾಡುವಾಗಲೇ ಆ್ಯಪ್ ಚಿತ್ರವನ್ನು ಕುಗ್ಗಿಸಿದ್ದರೆ ಮಾತ್ರ ಏನೂ ಮಾಡುವಂತಿಲ್ಲ.

ಕನ್ನಡದಲ್ಲಿ ಟಿಪ್ಪಣಿ ಬರೆಯುವವರಿಗೆ ಎದುರಾಗುವ ತೊಡಕೂ ಇದೆ. ರಫ್ತು ಮಾಡಿದಾಗ ಬಹಳಷ್ಟು ಆ್ಯಪ್‌ಗಳು ಟಿಪ್ಪಣಿಯ ತಲೆಬರಹವನ್ನೇ ಫೈಲಿನ ಹೆಸರಾಗಿಸುತ್ತವೆ. ಲಿನಕ್ಸ್‌ನಂಥ ವ್ಯವಸ್ಥೆಗಳಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರ, ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು, ಪ್ರತಿಯೊಂದಕ್ಕೂ ಮೂರು ಮೂರು ಬೈಟ್ ಬೇಕು. ‘ಶ್ರವಣಬೆಳಗೊಳ’ ಎಂಬ ಒಂದು ಊರಿನ ಹೆಸರೇ 33 ಬೈಟ್ ನುಂಗುತ್ತದೆ. ಒಟ್ಟು 85 ಚಿಹ್ನೆಗಳಿಗೆ ಮಿತಿ ಮುಗಿಯುತ್ತದೆ. ವಿಸ್ತಾರವಾದ ತಲೆಬರಹ ಕೊಟ್ಟವರ ಫೈಲು ಅರ್ಧಕ್ಕೆ ತುಂಡಾಗುವುದು, ಜಿಪ್ ಬಿಚ್ಚುವಾಗ ತಪ್ಪು ತೋರಿಸುವುದು ಇದರಿಂದಲೇ. ಹಳೆಯ ಜಿಪ್ ಸಾಫ್ಟ್‌ವೇರ್‌ಗಳಲ್ಲಂತೂ ಕನ್ನಡ ಹೆಸರು ಗುರುತು ಸಿಗದ ಚಿಹ್ನೆಗಳಾಗುತ್ತದೆ. ರಫ್ತಿಗೆ ಮೊದಲು ತಲೆಬರಹ ಚಿಕ್ಕದಾಗಿಸಿ, ಹೇಳಬೇಕಾದ್ದನ್ನು ಟಿಪ್ಪಣಿಯ ಒಳಗೆ ಬರೆಯುವುದು ಜಾಣತನ.

ಮೂಲ ಚಿತ್ರ ಸಿಕ್ಕಿತು ಎಂಬ ಖುಷಿಯಲ್ಲಿ ಮರೆಯಬಾರದ ಮಾತು ಇನ್ನೊಂದು. ಕ್ಯಾಮೆರಾ ಚಿತ್ರದೊಳಗೆ ‘ಎಕ್ಸಿಫ್’ ಎಂಬ ಗುಪ್ತ ವಿವರ ಬರೆದಿರುತ್ತದೆ. ದಿನಾಂಕ, ಸಮಯ, ಲೊಕೇಷನ್ ಆನ್ ಇದ್ದಿದ್ದರೆ ಅಕ್ಷಾಂಶ ರೇಖಾಂಶ ಕೂಡ. ವೀರಗಲ್ಲು ಇರುವ ಜಾಗವನ್ನು ಮತ್ತೆ ಹುಡುಕಲು ಇದು ಸಂಶೋಧಕರಿಗೆ ವರ. ಮನೆಯಲ್ಲಿ ತೆಗೆದ ಮಗುವಿನ ಫೋಟೊ ವಿಷಯದಲ್ಲಿ ಅದೇ ವಿವರ ಮನೆ ವಿಳಾಸವನ್ನು ಊರಿಗೆಲ್ಲ ಹೇಳಿದಂತೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಈ ವಿವರ ಅಳಿಯುತ್ತದೆ, ಚಿತ್ರವೂ ಕುಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಚಿತ್ರ ಇದ್ದಂತೆಯೇ ಹೋಗುತ್ತದೆ, ವಿವರವೂ ಹೋಗುತ್ತದೆ. ಡಿಟಿಪಿಯವರಿಗೆ ಡಾಕ್ಯುಮೆಂಟ್, ನೆಂಟರ ಗ್ರೂಪಿಗೆ ಫೋಟೊ ಎಂದಿಟ್ಟುಕೊಂಡರೆ ಗೊಂದಲವಿಲ್ಲ.

ಕೆಲಸಕ್ಕೆ ಅರ್ಜಿ ಹಾಕುವವರ ಕಷ್ಟ ಇದಕ್ಕೆ ತದ್ವಿರುದ್ಧ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಅರ್ಜಿಯಲ್ಲಿ ಭಾವಚಿತ್ರ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ ಒಳಗಿರಬೇಕು. ಫೋಟೊ, ಸಹಿಗಳನ್ನು ನೋಟ್ಸ್‌ನಲ್ಲಿಟ್ಟುಕೊಂಡ ಅಭ್ಯರ್ಥಿ ದೊಡ್ಡ ಚಿತ್ರವನ್ನು ಕುಗ್ಗಿಸಿ, ಅದನ್ನೇ ಮತ್ತೆ ಉಳಿಸಿ, ಮುಂದಿನ ಅರ್ಜಿಗೆ ಅದನ್ನೇ ಇನ್ನಷ್ಟು ಕುಗ್ಗಿಸುತ್ತಾ ಹೋಗುತ್ತಾನೆ. ಜೆಪಿಜಿಯನ್ನು ಪ್ರತಿ ಸಲ ಉಳಿಸಿದಾಗಲೂ ಒಂದಿಷ್ಟು ವಿವರ ಶಾಶ್ವತವಾಗಿ ಹೋಗುತ್ತದೆ. ಕುಗ್ಗಿಸುವುದು ಯಾವತ್ತೂ ನಕಲಿನ ಮೇಲೆ ನಡೆಯಬೇಕು.

ಇಷ್ಟೆಲ್ಲ ಪಡಿಪಾಟಲು ಯಾಕೆ, ಆ್ಯಪ್‌ನಲ್ಲೇ ಇರಲಿ ಬಿಡಿ ಎನ್ನುವವರಿಗೆ ಇತಿಹಾಸವೇ ಉತ್ತರ ಕೊಡುತ್ತದೆ. ಕ್ಯಾಚ್ ಎಂಬ ಆ್ಯಪ್ 2013ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು, ಸ್ಪ್ರಿಂಗ್‌ಪ್ಯಾಡ್ 2014ರ ಜೂನ್‌ನಲ್ಲಿ. ಗೂಗಲ್ ತನ್ನದೇ ನೋಟ್‌ಬುಕ್ ಸೇವೆಯನ್ನು 2012ರಲ್ಲಿ ಮುಚ್ಚಿತು. ವಿಂಡೋಸ್ 10ಕ್ಕೆಂದು ಇದ್ದ ಒನ್‌ನೋಟ್ ಆವೃತ್ತಿಗೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ಮುಚ್ಚುವವರು ಸಾಮಾನ್ಯವಾಗಿ ಕೆಲವು ವಾರಗಳ ಗಡುವು ಕೊಡುತ್ತಾರೆ. ಆ ಇಮೇಲ್ ಓದದವರ ಚಿತ್ರಗಳು ಹೋದಂತೆಯೇ.

ಕಾನೂನಿನ ನೆರಳು ನಮಗಿಲ್ಲಿ ತೆಳ್ಳಗಿದೆ. ಯೂರೋಪಿನಲ್ಲಿ 2018ರ ಮೇ 25ರಂದು ಜಾರಿಗೆ ಬಂದ ದತ್ತಾಂಶ ರಕ್ಷಣಾ ನಿಯಮದ 20ನೇ ವಿಧಿ, ತಾನು ಕೊಟ್ಟ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಮರಳಿ ಪಡೆದು ಬೇರೆಡೆಗೆ ಒಯ್ಯುವ ಹಕ್ಕನ್ನು ಬಳಕೆದಾರನಿಗೆ ಕೊಟ್ಟಿದೆ. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಸಿದ್ಧಪಡಿಸಿದ ಭಾರತದ ಕರಡಿನಲ್ಲಿ ಇಂಥದೇ ಹಕ್ಕು ಇತ್ತು, 2019ರ ಮಸೂದೆಯಲ್ಲೂ ಇತ್ತು. 2023ರಲ್ಲಿ ಕೊನೆಗೂ ಕಾಯ್ದೆಯಾದಾಗ ಅದು ಕೈಬಿಟ್ಟುಹೋಯಿತು. ಹಾಗಾಗಿ ನಮ್ಮ ಬಳಕೆದಾರರಿಗೆ ಸಿಗುವ ರಫ್ತು ಸೌಲಭ್ಯಕ್ಕೆ ನಮ್ಮ ಕಾಯ್ದೆಯ ಬಲವಿಲ್ಲ. ಕಂಪನಿ ಕೊಟ್ಟಿದ್ದನ್ನು ಪಡೆಯಬೇಕು, ಅಷ್ಟೇ.

ಆದ್ದರಿಂದ ಹೊಸ ಆ್ಯಪ್‌ಗೆ ಮನಸೋಲುವ ಮೊದಲು ಅದರ ಬಣ್ಣ, ಬೆಡಗು ನೋಡುವುದರ ಜೊತೆಗೆ ಒಂದು ಸಣ್ಣ ಪರೀಕ್ಷೆ ಮಾಡಿ. ಕ್ಯಾಮೆರಾದ ಮೂಲ ಫೋಟೊ ಒಂದನ್ನು ಅದರಲ್ಲಿ ಹಾಕಿ, ಆಮೇಲೆ ಹೊರಗೆ ತೆಗೆಯಿರಿ. ಎರಡೂ ಫೈಲುಗಳ ಪಿಕ್ಸೆಲ್ ಅಳತೆ, ಎಂಬಿ ಗಾತ್ರ, ತೆಗೆದ ದಿನಾಂಕ ಪಕ್ಕಪಕ್ಕ ಇಟ್ಟು ನೋಡಿ. ಮೂರೂ ತಾಳೆಯಾದರೆ ಆ ಆ್ಯಪ್‌ನಲ್ಲಿ ಚಿತ್ರ ಇಡಬಹುದು. ಆಗದಿದ್ದರೆ ಬರಹ ಮಾತ್ರ ಅಲ್ಲಿಡಿ, ಚಿತ್ರದ ಮೂಲ ಪ್ರತಿ ಸ್ವಂತ ಹಾರ್ಡ್‌ಡಿಸ್ಕ್‌ನಲ್ಲಿರಲಿ.